ತದಡಿಯ ಧಕ್ಕೆಯ ಮೇಲೆ ಒಂದೂವರೆ ತಾಸು

ಯಾತ್ರೆಗೆ ಹೊರಟವರು ಹೋಗಿ ಸೇರಬೇಕಾದ ಊರನ್ನು ನೆನೆಯುತ್ತಾರೆಯೇ ಹೊರತು ನಡುವೆ ದಾಟಿ ಹೋಗುವ ಊರುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಥ ಊರಿನಲ್ಲಿ ನಾವು ಬಸ್ಸು ಬದಲಿಸುತ್ತೇವೆ, ಒಂದು ಬಟ್ಟಲು ಚಹಾ ಕುಡಿಯುತ್ತೇವೆ, ಗಡಿಯಾರ ನೋಡಿಕೊಳ್ಳುತ್ತೇವೆ. ಮನೆಗೆ ಮರಳಿದ ಮೇಲೆ ಅದರ ಹೆಸರೂ ನೆನಪಿನಲ್ಲಿ ಉಳಿಯುವುದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನ ತದಡಿ ನಮ್ಮ ಪಾಲಿಗೆ ಅಂಥದೇ ಒಂದು ಊರಾಗಿತ್ತು. ಅಘನಾಶಿನಿ ನದಿ ಸಮುದ್ರವನ್ನು ಕೂಡುವಲ್ಲಿ, ನದಿಯ ಬಡಗಣ ದಡದ ಮೇಲಿರುವ ಚಿಕ್ಕ ಮೀನುಗಾರಿಕೆಯ ಬಂದರು ಅದು. ಗೋಕರ್ಣಕ್ಕೆ ಹೋದವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಅದನ್ನು ನೋಡುವುದಿಲ್ಲ. ನೋಡುವವರೂ ಅಲ್ಲಿಂದ ತಾರಿ ಹಿಡಿದು ಆಚೆಯ ದಡಕ್ಕೆ ಹೋಗುವುದಕ್ಕಾಗಿ ಮಾತ್ರ ಬರುತ್ತಾರೆ. ಹೊಳೆ ದಾಟಿಸುವ ದೋಣಿಗೆ ಆ ಕಡೆಯ ಜನ ತಾರಿ ಎನ್ನುತ್ತಾರೆ.

ನಾವೂ ಹಾಗೆಯೇ ಬಂದವರು. ಆದರೆ 2024ರ ಡಿಸೆಂಬರ್ ತಿಂಗಳ ಒಂದು ಮಧ್ಯಾಹ್ನ ಆ ಧಕ್ಕೆಯ ಮೇಲೆ ಒಂದೂವರೆ ತಾಸು ಕಾಯಬೇಕಾಗಿ ಬಂದುದರಿಂದ, ಎಪ್ಪತ್ತು ವರ್ಷಗಳಿಂದ ನಮ್ಮ ಮನೆಯಲ್ಲಿ ಕಟ್ಟಿಹಾಕಿದಂತಿದ್ದ ಒಂದು ಗಂಟು ಬಿಚ್ಚಿಕೊಂಡಿತು. ಅದನ್ನು ವಾಚಕರೊಡನೆ ಹಂಚಿಕೊಳ್ಳುವುದು ನಮ್ಮ ಕರ್ತವ್ಯವೆಂದು ಬಗೆದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಹೊಳೆಯ ಮಗ್ಗುಲಿನ ಮನೆ

ನಮ್ಮ ತಾಯಿಯವರ ತವರುಮನೆ ಮುಂಡರಗಿ ತಾಲೂಕಿನ ಕೊರ್ಲಹಳ್ಳಿ. ತುಂಗಭದ್ರೆಯ ದಂಡೆಯ ಮೇಲಿನ ಊರು. ಈಚೆ ಕೊರ್ಲಹಳ್ಳಿ, ಆಚೆ ಹೂವಿನಹಡಗಲಿ ಸೀಮೆಯ ಮದಲಗಟ್ಟಿ. ಈಗ ನಡುವೆ ಸೇತುವೆಯಿದೆ. ಮುಂಡರಗಿಯಿಂದ ಹಡಗಲಿಗೆ ಹೋಗುವ ಬಸ್ಸುಗಳು ಕ್ಷಣಾರ್ಧದಲ್ಲಿ ಹೊಳೆ ದಾಟುತ್ತವೆ. ಬಸ್ಸಿನಲ್ಲಿ ಕುಳಿತವರಿಗೆ ಹೊಳೆ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಸೇತುವೆಯಾಗುವ ಮೊದಲು ಮದಲಗಟ್ಟಿಯ ಹನುಮಪ್ಪನ ದರ್ಶನಕ್ಕಾಗಲಿ, ಆಚೆಯ ಬೀಗರ ಮನೆಗಾಗಲಿ, ಮೈಲಾರದ ಜಾತ್ರೆಗಾಗಲಿ ಹೋಗಬೇಕಾದರೆ ಹರಿಗೋಲೇ ಗತಿ. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿ ಮಾಡಿದ ಆ ದುಂಡನೆಯ ದೋಣಿ ನೀರಿನ ಮೇಲೆ ಬುಗುರಿಯಂತೆ ತಿರುಗುತ್ತ ಸಾಗುತ್ತದೆ. ಬೇಸಿಗೆಯಲ್ಲಿ ಅದು ಮಕ್ಕಳಿಗೆ ಆಟ. ಮಳೆಗಾಲದಲ್ಲಿ ಅಂಬಿಗನ ತೋಳಿನ ಬಲವೇ ಪ್ರಾಣ.

ಅಂಥದೊಂದು ಮಳೆಗಾಲದಲ್ಲಿ ನಮ್ಮ ತಾಯಿಯವರ ಅಣ್ಣ ಹರಿಗೋಲಿನಿಂದ ಹೊಳೆಗೆ ಬಿದ್ದು ತೀರಿಕೊಂಡರು. ಆಗ ಅವರಿಗೆ ಹನ್ನೆರಡು ವರ್ಷ, ತಾಯಿಯವರಿಗೆ ಹತ್ತು. ತಾಯಿಯವರು ಅದೇ ಹರಿಗೋಲಿನಲ್ಲಿದ್ದರು. ಮುಂದೆ ಅವರು ಲಕ್ಷ್ಮೇಶ್ವರದ ಕಡೆ ಮದುವೆಯಾಗಿ ಬಂದರು, ನಮ್ಮನ್ನು ಹೆತ್ತರು, ಸಾಕಿದರು, ಮೊಮ್ಮಕ್ಕಳನ್ನು ಕಂಡರು. ಆದರೆ ಆ ದಿನದಿಂದೀಚೆಗೆ ಯಾವ ದೋಣಿಯನ್ನೂ ಏರಲಿಲ್ಲ. ಹಂಪಿಗೆ ಹೋದಾಗ ಆನೆಗೊಂದಿಯ ಕಡೆ ದಾಟಲಿಲ್ಲ. ಕೂಡಲಸಂಗಮದಲ್ಲಿ ನೀರಿನ ಮೆಟ್ಟಿಲ ಮೇಲೆ ನಿಂತು ಕೈ ಮುಗಿದರೇ ವಿನಾ ಕಾಲು ತೋಯಿಸಲಿಲ್ಲ. ಅಣ್ಣನ ಹೆಸರನ್ನು ಅವರ ಬಾಯಿಂದ ನಾವು ಕೇಳಿದ್ದೂ ಇಲ್ಲ. ಈ ಸಂಗತಿಯನ್ನು ನಮಗೆ ಹೇಳಿದವರು ನಮ್ಮ ಸೋದರಮಾವನವರು.

ಕುಮಟಾದಲ್ಲಿ ಬೆಳೆಯದ ಕುಮಟಾ ಹತ್ತಿ

ತಾಯಿಯವರ ತವರಿನಲ್ಲಿ ಇನ್ನೊಂದು ಮಾತು ತಲೆಮಾರುಗಳಿಂದ ಉಳಿದುಕೊಂಡು ಬಂದಿತ್ತು. ಮುತ್ತಜ್ಜನ ಕಾಲದಲ್ಲಿ ಮನೆಯ ಬಂಡಿಗಳು ಹತ್ತಿ ಹೇರಿಕೊಂಡು ‘ಕುಮಟೆಗೆ ಇಳಿಯುತ್ತಿದ್ದವು’, ಬರುವಾಗ ಉಪ್ಪು, ತೆಂಗಿನಕಾಯಿ ಹೇರಿಕೊಂಡು ‘ಮೇಲೆ ಏರುತ್ತಿದ್ದವು’ ಎಂಬುದು ಆ ಮಾತು. ನಾವು ಚಿಕ್ಕವರಿದ್ದಾಗ ಇದು ಅಜ್ಜಿಯ ಕತೆಯೆಂದೇ ತಿಳಿದಿದ್ದೆವು. ಆದರೆ ಇದು ಕತೆಯಲ್ಲ, ನಮ್ಮ ಸೀಮೆಯ ಚರಿತ್ರೆ.

ಗದಗ, ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆಯುತ್ತಿದ್ದ ಜವಾರಿ ಹತ್ತಿಗೆ ವ್ಯಾಪಾರಿಗಳ ಭಾಷೆಯಲ್ಲಿ ‘ಕುಮಟಾ’ ಎಂದೇ ಹೆಸರು. ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಅಲ್ಲಿ ತೆಂಗು, ಅಡಿಕೆ, ಭತ್ತ. ನಮ್ಮ ಹತ್ತಿ ಆ ಬಂದರಿನಿಂದ ಹಡಗು ಏರಿ ಮುಂಬಯಿಗೆ ಹೋಗುತ್ತಿದ್ದುದರಿಂದ ಬಂದರಿನ ಹೆಸರೇ ಬೆಳೆಗೂ ಅಂಟಿತು. 1840ರ ದಶಕದಲ್ಲಿ ಇಂಗ್ಲಿಷರು ಅಮೆರಿಕದ ಹತ್ತಿ ಬೀಜವನ್ನು ತಂದು ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿದರು. ಗದಗ ಭಾಗದಲ್ಲಿ ಅದು ಚೆನ್ನಾಗಿ ಹತ್ತಿಕೊಂಡಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದೆ ನಿಂತಾಗ ನಮ್ಮ ಎರೆಹೊಲದ ಹತ್ತಿಗೆ ಬಂಗಾರದ ಬೆಲೆ ಬಂತು. ದುಡ್ಡಿನಾಸೆಗೆ ಹತ್ತಿಯಲ್ಲಿ ಬೀಜ, ಕಸ ಬೆರೆಸುವುದೂ ಹೆಚ್ಚಿತು. ಅದನ್ನು ತಡೆಯಲೆಂದೇ ಮುಂಬಯಿ ಸರಕಾರ 1863ರಲ್ಲಿ ಕಾಯಿದೆಯೊಂದನ್ನು ಮಾಡಬೇಕಾಯಿತು. ಹತ್ತಿಯ ಈ ವ್ಯಾಪಾರದ ಅನುಕೂಲಕ್ಕಾಗಿಯೇ, ಮದರಾಸು ಪ್ರಾಂತದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿ, ಕಾರವಾರ ಬಂದರನ್ನು ಬೆಳೆಸಲು ಹೊರಟರು. ಒಂದು ಜಿಲ್ಲೆಯ ಗಡಿಯನ್ನೇ ಬದಲಿಸುವಷ್ಟು ತೂಕ ನಮ್ಮ ರೈತನ ಅಂಡಿಗೆಗೆ ಇತ್ತೆಂಬುದನ್ನು ಇಂದು ಎಷ್ಟು ಜನ ಬಲ್ಲರು?

ಆ ಬಂಡಿಗಳ ದಾರಿ ಹುಬ್ಬಳ್ಳಿ, ಶಿರಸಿ, ದೇವಿಮನೆ ಘಟ್ಟದ ಮೇಲೆ ಹಾದು ಕುಮಟೆಗೆ ಇಳಿಯುತ್ತಿತ್ತು. ಗದಗಿನಿಂದ ಇನ್ನೂರು ಕಿಲೋಮೀಟರಿಗೂ ಮಿಗಿಲಾದ ದೂರ. ದಿನಕ್ಕೆ ಐದು ಹರದಾರಿ ಎಂದು ಹಿಡಿದರೂ ಹೋಗಲು ಒಂಬತ್ತು ಹತ್ತು ದಿನ, ಬರಲು ಅಷ್ಟೇ ದಿನ. ಮಳೆ ಹಿಡಿಯುವುದರೊಳಗೆ ಮುಗಿಸಬೇಕು, ಏಕೆಂದರೆ ಮಳೆಗಾಲದಲ್ಲಿ ಹಡಗುಗಳು ನಿಲ್ಲುತ್ತಿದ್ದವು. ಹುಲಿಯ ಭಯ, ಚಳಿಜ್ವರದ ಭಯ. ಇಷ್ಟೆಲ್ಲ ದಾಟಿ ಬಂದವರು ಸಮುದ್ರ ಕಂಡಾಗ ಏನೆಂದುಕೊಂಡರೋ! 1880ರ ದಶಕದಲ್ಲಿ ರೈಲು ಗದಗಿಗೆ ಬಂತು, ಮುಂದೆ ಮರ್ಮಗೋವೆಯ ಬಂದರಿಗೂ ಹಳಿ ಬಿತ್ತು. ಬಂಡಿಗಳ ದಾರಿ ತಣ್ಣಗಾಯಿತು. ಬಂದರೂ ಸೊರಗಿತು. ಹೆಸರು ಮಾತ್ರ ನಮ್ಮ ಹೊಲಗಳಲ್ಲಿ ಉಳಿಯಿತು. ಜಯಧರವೆಂಬ ಜವಾರಿ ಹತ್ತಿ ಆ ಕುಮಟಾ ಹತ್ತಿಯ ವಂಶದ್ದೇ. 2002ರಲ್ಲಿ ಬಿ.ಟಿ. ಹತ್ತಿಗೆ ಪರವಾನಿಗೆ ಸಿಕ್ಕ ಮೇಲೆ ಅದೂ ಅಪರೂಪವಾಯಿತು. ನಮ್ಮ ತಾಯಿಯವರು ದೀಪದ ಬತ್ತಿ ಹೊಸೆಯಲು ಇಂದಿಗೂ ಜವಾರಿ ಹತ್ತಿಯನ್ನೇ ಹುಡುಕಿಸಿ ತರಿಸುತ್ತಾರೆ.

ಹೊರಟ ಕಾರಣ

ನಮ್ಮ ಅಣ್ಣನ ಮಗಳು ಅಘನಾಶಿನಿಯ ತೆಂಕಣ ದಡದ ಕಡೆ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದಾಳೆ. “ಅಮ್ಮಾ, ನೀನು ಒಮ್ಮೆ ಬಂದು ನನ್ನ ಸಂಸಾರ ನೋಡಬೇಕು” ಎಂದು ಮೂರು ವರ್ಷಗಳಿಂದ ಅಜ್ಜಿಗೆ ಗಂಟು ಬಿದ್ದಿದ್ದಳು. ತಾಯಿಯವರಿಗೆ ಎಂಬತ್ತೆರಡು ತುಂಬಿತ್ತು. ಇನ್ನು ತಡಮಾಡಬಾರದೆಂದು ವಾಹನವೊಂದನ್ನು ಬಾಡಿಗೆಗೆ ಮಾಡಿಕೊಂಡು ತಾಯಿಯವರು, ನಾವು, ನಮ್ಮ ಮನೆಯವರು, ಮಗ ಹೀಗೆ ನಾಲ್ವರು ಹೊರಟೆವು. ತಾಯಿಯವರ ಇಚ್ಛೆಯಂತೆ ಮೊದಲು ಕೊರ್ಲಹಳ್ಳಿಗೆ ಹೋಗಿ ತವರಿನವರನ್ನು ಮಾತನಾಡಿಸಿ, ಅಲ್ಲಿಂದ ಮುಂಡರಗಿ, ಶಿರಹಟ್ಟಿಯ ಮೇಲೆ ಲಕ್ಷ್ಮೇಶ್ವರದ ದಾರಿ ಹಿಡಿದೆವು.

ನಡುವೆ ಮಾಗಡಿಯ ಕೆರೆಯಲ್ಲಿ ಅರ್ಧ ತಾಸು ನಿಂತೆವು. ಚಳಿಗಾಲದಲ್ಲಿ ಮಧ್ಯ ಏಷಿಯದಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ನೀರಿನ ತುಂಬ ಕುಳಿತಿದ್ದವು. ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಜೌಗು ಪ್ರದೇಶಗಳನ್ನು ಕಾಪಾಡಲು 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದ ಪಟ್ಟಿಗೆ 2024ರ ಜನವರಿಯಲ್ಲಿ ಕರ್ನಾಟಕದ ಮೂರು ಸ್ಥಳಗಳು ಒಟ್ಟಿಗೆ ಸೇರಿದವು. ಒಂದು, ಸುಮಾರು 54 ಹೆಕ್ಟೇರಿನ ನಮ್ಮ ಮಾಗಡಿ ಕೆರೆ. ಇನ್ನೊಂದು, ವಿಜಯನಗರ ಜಿಲ್ಲೆಯ ಅಂಕಸಮುದ್ರ. ಮೂರನೆಯದು, ಸುಮಾರು 4,800 ಹೆಕ್ಟೇರಿನ ಅಘನಾಶಿನಿಯ ಅಳಿವೆ. ಅಂದರೆ ನಾವು ಹೊರಟ ಕಡೆಯ ಕೆರೆಯೂ ಹೋಗಿ ಮುಟ್ಟುವ ಕಡೆಯ ಹೊಳೆಯೂ ಒಂದೇ ಪಟ್ಟಿಯಲ್ಲಿವೆ. ಹಕ್ಕಿಗೆ ಗೊತ್ತಿದ್ದ ಬೆಲೆಯನ್ನು ಜಗತ್ತು ತಡವಾಗಿ ಅರಿಯಿತು.

ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನಿಗೆ ಕೈ ಮುಗಿದೆವು. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಈ ಪುಲಿಗೆರೆಗೆ ಬಂದು ಶರಣನಾದ ಆದಯ್ಯನ ಊರಿದು. ವ್ಯಾಪಾರದ ದಾರಿಯಲ್ಲೇ ಭಕ್ತಿಯ ದಾರಿಯೂ ಸಿಗುತ್ತದೆ ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅಲ್ಲಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲೆಗೆ ಬಂದೆವು. 1930ರಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದ ಊರು ಅದು. ಹೆದ್ದಾರಿಯಲ್ಲಿ ಶಿರೂರಿನ ಗುಡ್ಡ ಬಂದಾಗ ಚಾಲಕ ವೇಗ ತಗ್ಗಿಸಿದ. 2024ರ ಜುಲೈ 16ರಂದು ಗುಡ್ಡ ಕುಸಿದು ಹಲವರು ಮಣ್ಣಿನಡಿ, ಗಂಗಾವಳಿ ಹೊಳೆಯ ಒಡಲಲ್ಲಿ ಪ್ರಾಣ ಬಿಟ್ಟ ಸ್ಥಳವದು. ತಾಯಿಯವರು ಹೊಳೆಯತ್ತ ನೋಡಲಿಲ್ಲ. ಕೊರಳಿನ ಕರಡಿಗೆಯನ್ನು ಮುಟ್ಟಿಕೊಂಡು ಕಣ್ಣು ಮುಚ್ಚಿದರು.

ಧಕ್ಕೆಯ ಮೇಲೆ

ಗೋಕರ್ಣದಲ್ಲಿ ರಾತ್ರಿ ತಂಗಿ, ಮಹಾಬಲೇಶ್ವರನ ದರ್ಶನ ಮುಗಿಸಿ, ಮರುದಿನ ಮಧ್ಯಾಹ್ನದ ಹೊತ್ತಿಗೆ ತದಡಿಗೆ ಬಂದೆವು. ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳು ಸಿಕ್ಕವು. ಕಟ್ಟೆ ಕಟ್ಟಿದ ಚೌಕ ಚೌಕದ ಮಡಿಗಳಲ್ಲಿ ಸಮುದ್ರದ ನೀರು ನಿಲ್ಲಿಸಿ ಬಿಸಿಲಿಗೆ ಉಪ್ಪು ಮಾಡುವ ಪದ್ಧತಿ ಅಲ್ಲಿ ತಲೆತಲಾಂತರದಿಂದ ಬಂದಿದೆ. “ನಮ್ಮ ಮುತ್ತಜ್ಜನ ಬಂಡ್ಯಾಗ ಬರತಿದ್ದದ್ದು ಇದ ಉಪ್ಪೇನು?” ಎಂದು ತಾಯಿಯವರು ಕೇಳಿದರು. ಪ್ರಯಾಣದಲ್ಲಿ ಅವರು ತಾವಾಗಿ ಆಡಿದ ಮೊದಲ ಮಾತು ಅದು.

ಏರ್ಪಾಟು ಹೀಗಿತ್ತು: ಮಗ ತಾರಿಯಲ್ಲಿ ದಾಟಬೇಕು. ಅವನಿಗೆ ದೋಣಿಯ ಹುಚ್ಚು. ತಾಯಿಯವರೊಡನೆ ನಾವು ವಾಹನದಲ್ಲಿ ಮಾದನಗೇರಿ, ಮಿರ್ಜಾನಿನ ಮೇಲೆ ಸೇತುವೆ ದಾಟಿ, ಕುಮಟೆಗೆ ಹೋಗಿ, ಕಾಗಾಲದ ದಾರಿಯಲ್ಲಿ ಆಚೆಯ ದಡ ಸೇರಬೇಕು. ತಾರಿಯಲ್ಲಿ ಕೆಲವೇ ನಿಮಿಷದ ದಾರಿ, ರಸ್ತೆಯಲ್ಲಿ ತಾಸಿಗೂ ಮಿಕ್ಕಿದ ಸುತ್ತು. ತಾಯಿಯವರಿಗೆ ಈ ವಿಷಯವನ್ನು ಮೊದಲೇ ಹೇಳಿದ್ದೆವು. “ನಾ ದೋಣಿ ಹತ್ತೂದಿಲ್ಲ. ನೀವು ಬೇಕಾದ್ರ ಹೋಗ್ರಿ” ಎಂದಿದ್ದರು, ಅಷ್ಟೇ.

ನಾವು ಮುಟ್ಟುವುದಕ್ಕೂ ತಾರಿ ದಡ ಬಿಡುವುದಕ್ಕೂ ಸರಿಹೋಯಿತು. ಮುಂದಿನದು ಅಂಬಿಗರ ಊಟವಾದ ಮೇಲೆ, ಒಂದೂವರೆ ತಾಸಿಗೆ ಎಂದರು. ಒಬ್ಬನೇ ಮಗನನ್ನು ಬಿಟ್ಟು ಹೋಗುವುದು ಬೇಡವೆಂದು, ಅವನನ್ನು ಏರಿಸಿಯೇ ಹೊರಡೋಣವೆಂದು ನಿಂತೆವು. ಚಾಲಕ ಊಟಕ್ಕೆ ಹೋದ.

ನೋಡುವಂಥದು ಅಲ್ಲಿ ಏನಿದೆ? ಸಾಲಾಗಿ ಕಟ್ಟಿದ ಮೀನುಗಾರಿಕೆಯ ದೋಣಿಗಳು, ಒಣಗಲು ಹಾಕಿದ ಬಲೆಗಳು, ಮಂಜುಗಡ್ಡೆಯ ಪೆಟ್ಟಿಗೆಗಳು, ಎರಡು ಮೂರು ಅಂಗಡಿ. ಮತ್ತು ಮೀನಿನ ವಾಸನೆ. ಲಿಂಗಾಯತರ ಮನೆಯಲ್ಲಿ ಹುಟ್ಟಿ ಬೆಳೆದ ನಮಗೆ ಆ ವಾಸನೆ ಹೇಗಿರುತ್ತದೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ತಾಯಿಯವರು ಸೆರಗನ್ನು ಮೂಗಿಗೆ ಹಿಡಿದರು. ನಮ್ಮ ಮನೆಯವರೂ ಹಿಡಿದರು. ಸತ್ಯವನ್ನೇ ಹೇಳುವುದಾದರೆ ನಾವೂ ಕರವಸ್ತ್ರ ತೆಗೆದೆವು. ಬಿಸಿಲು ನೆತ್ತಿಯ ಮೇಲಿತ್ತು. ತಂದಿದ್ದ ನೀರು ತೀರಿತ್ತು.

ತಗಡಿನ ಚಪ್ಪರದ ಕೆಳಗೆ ಎಪ್ಪತ್ತರ ಸುಮಾರಿನ ಹೆಂಗಸೊಬ್ಬಳು ಮೀನಿನ ಬುಟ್ಟಿಯನ್ನಿಟ್ಟುಕೊಂಡು ತಾರಿಗಾಗಿ ಕುಳಿತಿದ್ದಳು. ನಮ್ಮ ಸೆರಗು, ಕರವಸ್ತ್ರಗಳನ್ನು ಅವಳು ಕಾಣದೆ ಇರಲಿಲ್ಲ. ಒಂದು ಮಾತೂ ಆಡದೆ ಎದ್ದು ಬುಟ್ಟಿಯನ್ನು ಗಾಳಿಯ ಕೆಳಮಗ್ಗುಲಿಗೆ ದೂರ ಇಟ್ಟು ಬಂದು, ತಾಯಿಯವರನ್ನು ಕರೆದಳು: “ಇಲ್ಲಿ ನೆರಳಲ್ಲಿ ಬಂದು ಕೂತ್ಕೊಳ್ಳಿ ಅಮ್ಮಾ. ಬುಟ್ಟಿ ಆಚೆ ಇಟ್ಟಿದ್ದೇನೆ.”

ಆ ಮಾತು ನಮ್ಮ ಕೆನ್ನೆಗೆ ಹೊಡೆದಂತಾಯಿತು. ಏಕೆಂದರೆ ನಮ್ಮ ಕೊರ್ಲಹಳ್ಳಿಯ ಹೊಳೆಯನ್ನೇ ಹಿಡಿದು ಮೇಲಕ್ಕೆ ಹೋದರೆ ರಾಣೆಬೆನ್ನೂರು ತಾಲೂಕಿನ ಚೌಡದಾನಪುರ ಸಿಗುತ್ತದೆ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ನೆನಪಿನ ನೆಲ ಅದು. ಉಳಿದ ಶರಣರು ತಮ್ಮ ಇಷ್ಟದೈವದ ಹೆಸರನ್ನು ವಚನದ ಅಂಕಿತವಾಗಿಸಿಕೊಂಡರೆ, ಚೌಡಯ್ಯ ತನ್ನ ಹೆಸರನ್ನೇ, ತನ್ನ ಅಂಬಿಗ ಕಾಯಕವನ್ನೇ ಅಂಕಿತ ಮಾಡಿಕೊಂಡ. ಅವನ ವಚನಗಳನ್ನು ನಾವು ಮನೆಯಲ್ಲಿ ಓದುತ್ತೇವೆ, ಸಭೆಗಳಲ್ಲಿ ಹಾಡಿಸುತ್ತೇವೆ, ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದೇ ಕಾಯಕದವರು ಜೀವಂತವಾಗಿ ಎದುರಿಗೆ ನಿಂತಾಗ ಮೂಗು ಮುಚ್ಚಿಕೊಳ್ಳುತ್ತೇವೆ. ಆಹಾರದ ನೇಮ ನಮ್ಮದು ನಮಗಿರಲಿ, ಅದನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಆದರೆ ನೇಮ ಇರುವುದು ನಮ್ಮ ತಟ್ಟೆಗೆ. ಮನುಷ್ಯರನ್ನು ದೂರವಿಡಲು ಅಲ್ಲ.

ತಾಯಿಯವರು ಸೆರಗು ಕೆಳಗಿಳಿಸಿದರು. ಹೋಗಿ ಅವಳ ಪಕ್ಕದಲ್ಲಿ ಕುಳಿತರು. ಅವಳು ಹತ್ತಿರದ ಮನೆಯಿಂದ ತಂಬಿಗೆಯಲ್ಲಿ ನೀರು ತರಿಸಿದಳು. ತಾಯಿಯವರು ಒಂದು ಗಳಿಗೆ ಅನುಮಾನಿಸಿದುದನ್ನು ನಾವು ಕಂಡೆವು. ಅನಂತರ ತಂಬಿಗೆ ಎತ್ತಿ ಕುಡಿದು, “ತಂಪಾತವಾ ತಂಗಿ” ಎಂದರು.

ಇಬ್ಬರ ಮಾತು

ಆ ಹೆಂಗಸು ಹೇಳಿದ ಸಂಗತಿಗಳಿಂದ ಆ ‘ಏನೂ ಇಲ್ಲದ’ ಊರು ನಮ್ಮ ಕಣ್ಣೆದುರು ತುಂಬಿಕೊಳ್ಳತೊಡಗಿತು. ಅಘನಾಶಿನಿಗೆ ಎಲ್ಲಿಯೂ ಅಣೆಕಟ್ಟಿಲ್ಲ. ಶಿರಸಿಯ ಮಗ್ಗುಲಲ್ಲಿ ಹುಟ್ಟಿದ ಹೊಳೆ ಉಂಚಳ್ಳಿಯಲ್ಲಿ ಧುಮುಕಿ ಅಡವಿಯ ಫಲವತ್ತಾದ ಮಣ್ಣನ್ನು ಹೊತ್ತು ಇಲ್ಲಿಗೆ ಬರುತ್ತದೆ. ಇಲ್ಲಿ ಉಬ್ಬರದ ಉಪ್ಪುನೀರು ಒಳಗೆ ಏರುತ್ತದೆ, ಇಳಿತದಲ್ಲಿ ಸಿಹಿನೀರು ಹೊರಗೆ ಹೋಗುತ್ತದೆ. ಎರಡೂ ಕೂಡುವ ಈ ಅಳಿವೆಯಲ್ಲಿ ಮೀನು ಮರಿ ಮಾಡುತ್ತವೆ. ನೀರು ಇಳಿದಾಗ ಗಂಡಸರು ಹೆಂಗಸರು ಕೆಸರಿನಲ್ಲಿ ಸೊಂಟದವರೆಗೆ ಇಳಿದು ಚಿಪ್ಪಿನ ಬಳಚನ್ನು ಆರಿಸುತ್ತಾರೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತದೆ. ಉಪ್ಪನ್ನು ತಡೆದುಕೊಳ್ಳುವ, ನೀರು ನಿಂತರೂ ಕೊಳೆಯದ ಹಳೆಯ ತಳಿ ಅದು. ಈ ಶತಮಾನದ ಮೊದಲ ದಶಕದಲ್ಲಿ ತದಡಿಗೆ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವುದೆಂಬ ಯೋಜನೆಯಿತ್ತು. ಮೀನುಗಾರರು, ರೈತರು, ವಿಜ್ಞಾನಿಗಳು ಕೂಡಿ ಅದನ್ನು ವಿರೋಧಿಸಿದರು. ಸ್ಥಾವರ ಬರಲಿಲ್ಲ, ಹೊಳೆ ಉಳಿಯಿತು. ಹೊರಗಿನವರ ಕಣ್ಣಿಗೆ ಖಾಲಿಯಾಗಿ ಕಾಣುವ ಊರಿನಲ್ಲಿ ಎಷ್ಟೊಂದು ಮನೆಗಳ ಒಲೆ ಉರಿಯುತ್ತಿದೆಯೆಂಬುದು ಒಳಗಿನವರಿಗೇ ಗೊತ್ತು.

ಮಾತಿಗೆ ಮಾತು ಬಂದು, ತಾಯಿಯವರು ಕೇಳಿದರು: “ನಿನಗ ಯಜಮಾನರು ಅದಾರೇನವಾ?”

“ಇಲ್ಲ ಅಮ್ಮಾ. ಸಮುದ್ರಕ್ಕೆ ಹೋದವರು ಬರಲಿಲ್ಲ. ಮೂವತ್ತು ವರ್ಷದ ಮೇಲಾಯ್ತು.”

ತಾಯಿಯವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಮೆಲ್ಲಗೆ, “ಮತ್ತ ದಿನಾ ದೋಣಿ ಹತ್ತತೀ? ನೀರು ನೋಡಿದ್ರ ಹೊಟ್ಟ್ಯಾಗ ಸಂಕಟಾ ಆಗೂದಿಲ್ಲೇನು?” ಎಂದರು.

“ಮೊದಮೊದಲು ಆಗ್ತಿತ್ತು. ನೀರಿನ ಮೇಲೆ ಸಿಟ್ಟಿತ್ತು. ಆಮೇಲೆ ಅನ್ನಿಸ್ತು, ಅವರು ಎಲ್ಲಿದ್ದಾರೆ ಅಂದ್ರೆ ಇಲ್ಲೇ ಇದ್ದಾರೆ. ಈ ನೀರು ಬಿಟ್ಟು ನಾನೆಲ್ಲಿಗೆ ಹೋಗ್ಲಿ? ದಿನಾ ದಾಟುವಾಗ ಒಂದ್ಸಲ ಮಾತಾಡಿಸ್ತೇನೆ.”

ಆಗ ನಮ್ಮ ತಾಯಿಯವರು, ನಮ್ಮ ತಂದೆಯವರಿಗೂ ಹೇಳಿರದ, ನಮಗೆ ಹೇಳಿರದ ಆ ಮಳೆಗಾಲದ ಸಂಗತಿಯನ್ನು, ಹೆಸರೂ ತಿಳಿಯದ ಆ ಹೆಂಗಸಿಗೆ ಹೇಳಿದರು. ಹರಿಗೋಲು ಹೇಗೆ ತಿರುಗಿತು, ಅಣ್ಣ ತಮ್ಮನ್ನು ನಡುವೆ ಕೂರಿಸಿ ತಾನು ಅಂಚಿಗೆ ಹೇಗೆ ಕುಳಿತ, ಅವನ ಅಂಗಿಯ ತುದಿ ಕೈಗೆ ಸಿಕ್ಕು ಹೇಗೆ ಜಾರಿತು, ಎಲ್ಲವನ್ನೂ ಹೇಳಿದರು. “ನಾ ಗಟ್ಟಿ ಹಿಡಿಲಿಲ್ಲ” ಎಂದರು. ಎಪ್ಪತ್ತು ವರ್ಷ ಅವರು ಹೆದರಿದ್ದು ನೀರಿಗೆಂದು ನಾವು ತಿಳಿದಿದ್ದೆವು. ಅವರು ಹೊತ್ತಿದ್ದ ಭಾರ ಬೇರೆಯೇ ಆಗಿತ್ತು.

“ಹತ್ತು ವರ್ಷದ ಕೂಸು, ನಿಮ್ಮ ಕೈಯಲ್ಲಿ ಎಷ್ಟು ಬಲ ಇತ್ತು ಅಮ್ಮಾ?” ಎಂದಳು ಅವಳು. ಬೇರೇನೂ ಹೇಳಲಿಲ್ಲ.

ದಾಟಿದ್ದು

ತಾರಿ ಬಂತು. ಯಂತ್ರದ ಮರದ ದೋಣಿ. ಮೊದಲು ಎರಡು ಮೋಟಾರ್ ಸೈಕಲ್ಲುಗಳನ್ನು ಎತ್ತಿ ಇಳಿಸಿದರು, ಅನಂತರ ಜನ ಇಳಿದರು. ಶಾಲೆಯ ಮಕ್ಕಳು, ತರಕಾರಿ ಚೀಲದವರು, ಒಬ್ಬ ಅಂಚೆಯವನು. ಚಾಲಕ ವಾಹನ ತಂದು ನಿಲ್ಲಿಸಿದ. ನಾವು ತಾಯಿಯವರ ಕೈ ಹಿಡಿದು ಎಬ್ಬಿಸಿದೆವು. ಅವರು ವಾಹನದತ್ತ ತಿರುಗಲಿಲ್ಲ. “ಗಾಡಿ ಸುತ್ತು ಹಾಕಿ ಬರಲಿ” ಎಂದರು.

ಬೇಡವೆನ್ನಲು ನಮಗೆ ಬಾಯಿ ಬರಲಿಲ್ಲ. ಒಂದು ಕೈಯನ್ನು ಆ ಹೆಂಗಸು, ಇನ್ನೊಂದನ್ನು ನಮ್ಮ ಮಗ ಹಿಡಿದಿದ್ದರು. ಅಂಬಿಗ ಹಲಗೆಯ ಮೇಲೆ ಮಂಡಿಯೂರಿ ಅವರ ಪಾದವನ್ನು ತನ್ನ ಕೈಯಿಂದ ಹಿಡಿದು ಒಳಗೆ ಇರಿಸಿದ. ದೋಣಿಯ ನಡುಭಾಗದಲ್ಲಿ ಕೂರಿಸಲು ಹೋದರೆ ಒಪ್ಪದೆ ಅಂಚಿನಲ್ಲಿ ಕುಳಿತರು. ಮೊಮ್ಮಗನನ್ನು ನಡುವೆ ಕೂರಿಸಿಕೊಂಡರು.

ಎಡಕ್ಕೆ ಅಳಿವೆಯ ಆಚೆ ಬೆಟ್ಟಗಳ ನೀಲಿ ಸಾಲು, ಬಲಕ್ಕೆ ಬಾಯ್ದೆರೆದ ಕಡಲು. ದೋಣಿ ನಡುಹೊಳೆಗೆ ಬಂದಾಗ ಕಡಲಿನ ಅಲೆಯೊಂದು ಒಳನುಗ್ಗಿ ದೋಣಿಯನ್ನು ತುಸು ಎತ್ತಿ ಇಳಿಸಿತು. ತಾಯಿಯವರು ಮೊಮ್ಮಗನ ತೋಳನ್ನು ಹಿಡಿದರು. ಅವರ ತುಟಿ ಅಲುಗುತ್ತಿತ್ತು. ಷಡಕ್ಷರಿಯ ಜಪವೆಂದು ಮೊದಲು ತಿಳಿದೆವು. ಕಿವಿಗೊಟ್ಟು ಕೇಳಿದಾಗ ಅವರು ಅಣ್ಣನ ಹೆಸರು ಹಿಡಿದು ಏನೋ ಮಾತನಾಡುತ್ತಿದ್ದುದು ತಿಳಿಯಿತು. ನಾವು ಮುಖ ತಿರುಗಿಸಿ ಸಮುದ್ರದತ್ತ ನೋಡಿದೆವು. ಆಚೆಯ ದಡದಲ್ಲಿ ಅಣ್ಣನ ಮಗಳು ಕೈ ಬೀಸುತ್ತ ನಿಂತಿದ್ದಳು. ಅಜ್ಜಿ ದೋಣಿಯಿಂದ ಇಳಿಯುವುದನ್ನು ಕಂಡು ಅವಳು ಅಳತೊಡಗಿದಳು. ತಾಯಿಯವರೇ ಅವಳನ್ನು ಸಂತೈಸಿ, ಹಿಂದಿರುಗಿ ನೀರನ್ನು ನೋಡಿ, “ನಮ್ಮ ಹೊಳಿ ಇಷ್ಟು ಅಗಲ ಇದ್ದಿದ್ದಿಲ್ಲವಾ” ಎಂದರು.

ದಾಟುವವರಿಗೆ ಒಂದು ಮಾತು

ತಾರಿಗಳ ಕಾಲ ಮುಗಿಯುತ್ತ ಬಂದಿದೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ದಶಕಗಳ ಕಾಲ ಸಿಗಂದೂರಿನ ಭಕ್ತರನ್ನೂ ಶರಾವತಿಯ ದ್ವೀಪದ ಹಳ್ಳಿಗರನ್ನೂ ದಾಟಿಸಿದ ಲಾಂಚಿನ ಜಾಗದಲ್ಲಿ 2025ರ ಜುಲೈ 14ರಂದು ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ ತೆರೆದುಕೊಂಡಿತು. ಇದು ಸಂತೋಷದ ಸಂಗತಿ. ಹೆರಿಗೆಯ ನೋವಿನಲ್ಲಿ ದಡದ ಮೇಲೆ ಲಾಂಚಿಗಾಗಿ ಕಾದವರ ಕಷ್ಟವನ್ನು ಬಲ್ಲವರು ಯಾರೂ ಸೇತುವೆ ಬೇಡವೆನ್ನಲಾರರು. ಕೊರ್ಲಹಳ್ಳಿಯಲ್ಲಿ ಸೇತುವೆ ಮೊದಲೇ ಇದ್ದಿದ್ದರೆ ನಮಗೊಬ್ಬ ಸೋದರಮಾವ ಹೆಚ್ಚು ಇರುತ್ತಿದ್ದರು. ನಾವು ಹೇಳಬಯಸುವುದು ಇಷ್ಟೇ: ಸೇತುವೆ ಬಂದ ಮೇಲೆ ಕಾಯುವುದು ತಪ್ಪುತ್ತದೆ. ಕಾಯುವುದು ತಪ್ಪಿದಾಗ ಪಕ್ಕದಲ್ಲಿ ಕುಳಿತವರೊಡನೆ ಆಡುವ ಮಾತೂ ತಪ್ಪುತ್ತದೆ. ಆದ್ದರಿಂದ ಯಾತ್ರೆಗೆ ಹೊರಟ ಬಂಧುಗಳು ಇಂಥ ನಡುವಿನ ಊರುಗಳಲ್ಲಿ ಮನೆಯ ಹಿರಿಯರೊಡನೆ ಒಂದು ತಾಸು ಸುಮ್ಮನೆ ಕುಳಿತು ನೋಡಬೇಕು. ಮಕ್ಕಳಿಗೆ ಗುಡಿ ತೋರಿಸುವಂತೆ ಧಕ್ಕೆಯನ್ನೂ ತೋರಿಸಬೇಕು. ಅಲ್ಲಿ ದುಡಿಯುವವರ ಹೆಸರನ್ನಲ್ಲದಿದ್ದರೂ ದುಡಿಮೆಯನ್ನು ಕೇಳಿ ತಿಳಿಯಬೇಕು. ಕಾಯಕವನ್ನು ಹೊಗಳುವ ನಮ್ಮ ಮಾತಿಗೆ ಆಗ ತುಸು ಅರ್ಥ ಬರುತ್ತದೆ.

ಊರಿಗೆ ಮರಳಿದ ಮೇಲೆ ತಾಯಿಯವರು ಎರಡು ಕೆಲಸ ಮಾಡಿದರು. ಮೊದಲನೆಯದು, ಕೊರ್ಲಹಳ್ಳಿಗೆ ಹೋಗಿ ಹೊಳೆಯ ದಂಡೆಯ ಮೇಲೆ ಒಂದು ಸಂಜೆ ಕುಳಿತು ಬಂದರು. ನಮ್ಮನ್ನು ದೂರ ನಿಲ್ಲಲು ಹೇಳಿದ್ದರಿಂದ ಅಲ್ಲಿ ಏನು ಮಾತಾಡಿದರೋ ನಮಗೆ ತಿಳಿಯದು. ಎರಡನೆಯದು, ಅಣ್ಣನ ಮಗಳು ಸಂಕ್ರಾಂತಿಗೆ ಬಂದು ಹೋಗುವಾಗ ಅವಳ ಕೈಯಲ್ಲಿ ಒಂದು ಗಂಟು ಕಳಿಸಿದರು. ಅದರಲ್ಲಿ ಐವತ್ತು ಸಜ್ಜೆಯ ಕಟಕರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಇದ್ದವು. ಜೊತೆಗೆ ತಾವೇ ಕುಳಿತು ಜವಾರಿ ಹತ್ತಿಯಿಂದ ಹೊಸೆದ ಒಂದು ಸಾವಿರ ಬತ್ತಿ. ತಗಡಿನ ಚಪ್ಪರದ ಕೆಳಗೆ ಕೂರುವ ಆ ತಂಗಿಗೆ ಮುಟ್ಟಿಸಬೇಕೆಂದು ಹೇಳಿ ಕಳಿಸಿದರು.

ಹದಿನೈದು ದಿನದ ಮೇಲೆ ಅತ್ತಲಿಂದಲೂ ಒಂದು ಚೀಲ ಬಂತು. ತಾಯಿಯವರು ಬಿಚ್ಚಿ ನೋಡಿದರು. ಐದು ಸೇರು ಸಾಣಿಕಟ್ಟೆಯ ಉಪ್ಪು.